ಕೋಲಾರ ಜಿಲ್ಲೆಯ ಉಚಿತ ಕಾನೂನು ನೆರವು: ಠಾಣೆಯ ಮೊದಲ ರಾತ್ರಿಯಿಂದ ಶಿಕ್ಷೆಯ ದಿನದವರೆಗೆ

ಒಂದೇ ಥರದ ಕಳವು ಕೇಸು. ಒಬ್ಬನಿಗೆ ಎರಡು ವರ್ಷ ಸಜೆ, ಇನ್ನೊಬ್ಬ ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಹೋದ. ಇಂಥದ್ದು ಕಿವಿಗೆ ಬಿದ್ದಾಗ ಎಲ್ಲರ ಕಣ್ಣೂ ತೀರ್ಪು ಬರೆದವರ ಕಡೆಗೇ ತಿರುಗುತ್ತದೆ. ಆದರೆ ಆ ತಾರತಮ್ಯ ತೀರ್ಪಿನ ದಿನವೇ ಹುಟ್ಟುವುದು ಕಡಿಮೆ. ಠಾಣೆಯಲ್ಲಿ ಕಳೆದ ಮೊದಲ ರಾತ್ರಿ, ರಿಮ್ಯಾಂಡಿಗೆ (ಕಸ್ಟಡಿಗೆ ಕಳಿಸುವುದೋ ಬೇಡವೋ ಎಂದು ಮ್ಯಾಜಿಸ್ಟ್ರೇಟರು ತೀರ್ಮಾನಿಸುವ ಹಂತ) ಹಾಜರುಪಡಿಸಿದ ಐದು ನಿಮಿಷ, ಜಾಮೀನು ಮಂಜೂರಾದರೂ ಜಾಮೀನುದಾರ ಸಿಗದೆ ಒಳಗೇ ಉಳಿದ ವಾರಗಳು, ಇಲ್ಲೆಲ್ಲ ಅದು ಸ್ವಲ್ಪ ಸ್ವಲ್ಪವೇ ಸೇರಿಕೊಳ್ಳುತ್ತಾ ಬರುತ್ತದೆ. ಹಣ ಇದ್ದವರಿಗೆ ಈ ಪ್ರತಿ ಹಂತದಲ್ಲೂ ಪಕ್ಕದಲ್ಲೊಬ್ಬ ವಕೀಲ ಇರುತ್ತಾರೆ. ಇಲ್ಲದವರಿಗೆ ಇರುವುದು ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು. ಆ ಸೇವೆಯನ್ನು ಅಳೆಯಬೇಕಾದರೆ ಅರಿವು ಶಿಬಿರಗಳ ಲೆಕ್ಕ ನೋಡಿ ಪ್ರಯೋಜನವಿಲ್ಲ. ಈ ಹಂತಗಳಲ್ಲಿ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ನೋಡಬೇಕು.

ಕೋಲಾರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. 2011ರ ಜನಗಣತಿ ಪ್ರಕಾರ ಇಲ್ಲಿನ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 30. ರಾಜ್ಯದ ಸರಾಸರಿ ಶೇ 17. ರಾಜ್ಯದ ಬೇರೆ ಯಾವ ಜಿಲ್ಲೆಯಲ್ಲೂ ಇಷ್ಟು ಪ್ರಮಾಣವಿಲ್ಲ. ಅಮೆರಿಕದಲ್ಲಿ ಪೊಲೀಸರು ಮತ್ತು ಶಿಕ್ಷೆಯ ಚರ್ಚೆ ಚರ್ಮದ ಬಣ್ಣದಿಂದ ಶುರುವಾದರೆ ನಮ್ಮಲ್ಲಿ ಅದು ಜಾತಿ, ಜಮೀನು ಮತ್ತು ಭಾಷೆಯಿಂದ ಶುರುವಾಗಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಠಾಣೆಯ ಕಾಗದವೆಲ್ಲ ಕನ್ನಡ. ಜಿಲ್ಲೆ ಒಂದೇ ಆದರೂ ಪೊಲೀಸ್ ಜಿಲ್ಲೆ ಎರಡು. ಕೆಜಿಎಫ್‌ಗೆ ಬೇರೆ ಎಸ್‌ಪಿ. ದೂರು, ಮನವಿ ಕೊಡುವವರು ಮೊದಲು ತಮ್ಮ ಠಾಣೆ ಯಾವ ಎಸ್‌ಪಿ ಕೈಕೆಳಗೆ ಬರುತ್ತದೆ ಎಂದು ನೋಡಿಕೊಳ್ಳಬೇಕು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಬೇಕಾದ ದಿನಗಳು ಕಳೆದುಹೋಗಿರುತ್ತವೆ.

ಸೇವೆ ಪಡೆಯುವ ದಾರಿ ಸುಲಭ, ಇದನ್ನು ಮೆಚ್ಚಲೇಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜಾತಿ ದೌರ್ಜನ್ಯಕ್ಕೆ ತುತ್ತಾದವರು, ಕಸ್ಟಡಿಯಲ್ಲಿರುವವರು ಇವರೆಲ್ಲ ಆದಾಯದ ಮಿತಿ ನೋಡದೆಯೇ ಅರ್ಹರು. ಉಳಿದವರಿಗೆ ಮಾತ್ರ ಆದಾಯದ ಲೆಕ್ಕ. ಜೈಲಿನಲ್ಲಿರುವ ಗಂಡನಿಗಾಗಿ ಬಂದ ಹೆಂಗಸನ್ನು ‘ಆದಾಯ ಪ್ರಮಾಣಪತ್ರ ತಗೊಂಡ್ ಬನ್ನಿ’ ಎಂದು ತಹಶೀಲ್ದಾರ್ ಕಚೇರಿಗೆ ಅಟ್ಟಿದರೆ ಅದು ಕಾಯ್ದೆಯಲ್ಲಿಲ್ಲದ ಷರತ್ತು. ಗಂಡ ಕಸ್ಟಡಿಯಲ್ಲಿದ್ದಾನೆ ಎಂಬುದೇ ಸಾಕು. ಅರ್ಜಿ ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ. ಓದು ಬರಹ ಬಾರದವರು ಬಾಯಲ್ಲಿ ಹೇಳಿದ್ದನ್ನು ಸಿಬ್ಬಂದಿಯೇ ಬರೆದುಕೊಳ್ಳಬೇಕು. ಜಿಲ್ಲಾ ನ್ಯಾಯಾಲಯದ ಪ್ರಾಧಿಕಾರ, ತಾಲ್ಲೂಕು ಕೋರ್ಟುಗಳ ಕಾನೂನು ಸೇವಾ ಸಮಿತಿ, ಜೈಲಿನೊಳಗಿನ ಕಾನೂನು ನೆರವಿನ ಕ್ಲಿನಿಕ್, ಸಹಾಯವಾಣಿ 15100, ಯಾವುದರಿಂದ ಹೋದರೂ ಸರಿ. ವಕೀಲರ ಫೀಸು, ಟೈಪಿಂಗ್, ನಕಲು, ಪ್ರೊಸೆಸ್ ಫೀ, ಎಲ್ಲವೂ ಉಚಿತ. ನೇಮಕವಾದ ವಕೀಲರು ‘ಖರ್ಚಿಗೆ’ ಅಂತ ಐನೂರು ಕೇಳಿದರೂ ಅದು ತಪ್ಪು. ಅದನ್ನು ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತವಾಗಿ ತಿಳಿಸಬಹುದು. ಅವರು ಸೇವೆಯಲ್ಲಿರುವ ನ್ಯಾಯಾಧೀಶರೇ.

2022ರ ಹೊಸ ಪದ್ಧತಿ ಬಂದ ಮೇಲೆ ಗುಣಮಟ್ಟದಲ್ಲಿ ದೊಡ್ಡ ಬದಲಾವಣೆಗೆ ಅವಕಾಶವಾಗಿದೆ. ಹಿಂದೆ ಪ್ಯಾನಲ್ ವಕೀಲರು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ಖಾಸಗಿ ವಕೀಲರು, ತಮ್ಮ ಖಾಸಗಿ ಕೇಸುಗಳ ನಡುವೆ ಬಿಡುವು ಮಾಡಿಕೊಂಡು ಇದನ್ನೂ ನೋಡಬೇಕಿತ್ತು. ಈಗಿನ ಕಾನೂನು ನೆರವು ಅಭಿರಕ್ಷಕರ ಪದ್ಧತಿಯಲ್ಲಿ ಇರುವವರು ಪೂರ್ಣಾವಧಿಯವರು, ಖಾಸಗಿ ವಕಾಲತ್ತು ಹಾಕುವಂತಿಲ್ಲ. ಮುಖ್ಯ ಅಭಿರಕ್ಷಕರಿಗೆ ಕನಿಷ್ಠ 10 ವರ್ಷ, ಉಪ ಅಭಿರಕ್ಷಕರಿಗೆ 7 ವರ್ಷ ಕ್ರಿಮಿನಲ್ ವಕೀಲಿಕೆಯ ಅನುಭವ ಇರಲೇಬೇಕು. ಅಂದರೆ ಸರ್ಕಾರದ ಪರ ಪಬ್ಲಿಕ್ ಪ್ರಾಸಿಕ್ಯೂಟರ್ ಇದ್ದ ಹಾಗೆ ಆರೋಪಿಯ ಪರವೂ ಒಂದು ಕಚೇರಿ. ಇದು ನಿಜಕ್ಕೂ ಒಳ್ಳೆಯ ರಚನೆ. ಇದರಲ್ಲಿ ಎರಡು ಕೊರತೆಗಳಿವೆ. ಗುತ್ತಿಗೆ ಎರಡೇ ವರ್ಷದ್ದು, ಆಮೇಲೆ ವರ್ಷ ವರ್ಷ ಮುಂದುವರಿಸಬೇಕು. ಸೆಷನ್ಸ್ ಕೇಸು ಅದಕ್ಕಿಂತ ಹೆಚ್ಚು ಕಾಲ ಎಳೆಯುತ್ತದೆ, ಸಾಕ್ಷಿಗಳ ಪಾಟೀಸವಾಲಿನ ಮಧ್ಯದಲ್ಲಿ ವಕೀಲರು ಬದಲಾದರೆ ಕೇಸಿನ ಎಳೆ ಕಡಿಯುತ್ತದೆ. ಇನ್ನೊಂದು, ಒಂದೇ ಕೇಸಿನ ಎ1 ಮತ್ತು ಎ2 (ಮೊದಲನೇ, ಎರಡನೇ ಆರೋಪಿ) ಒಬ್ಬರ ಮೇಲೊಬ್ಬರು ತಪ್ಪು ಹಾಕುತ್ತಿದ್ದರೆ ಒಂದೇ ಕಚೇರಿ ಇಬ್ಬರ ಪರವೂ ನಿಲ್ಲಲಾಗದು. ಆಗ ಒಬ್ಬರಿಗೆ ಪ್ಯಾನಲ್ ವಕೀಲರನ್ನು ಕೊಡಬೇಕು. ಇದನ್ನು ಮೊದಲ ದಿನವೇ ಕೇಳಿಕೊಳ್ಳಬೇಕು, ಆರೋಪ ಹೊರಿಸಿದ ಮೇಲೆ ಅಲ್ಲ.

ಠಾಣೆಯ ಹಂತಕ್ಕೆ ಬಂದರೆ ಅಂಕ ಕೆಳಗಿಳಿಯುತ್ತದೆ. 5ಕ್ಕೆ 2ಕ್ಕಿಂತ ಹೆಚ್ಚು ಕೊಡುವಂತಿಲ್ಲ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2019ರಲ್ಲೇ ಬಂಧನಕ್ಕೆ ಮುಂಚೆ, ಬಂಧನದ ಹೊತ್ತು, ರಿಮ್ಯಾಂಡಿನ ಹೊತ್ತು ಹೀಗೆ ಮೂರು ಕಡೆ ವಕೀಲರು ಸಿಗಬೇಕೆಂದು ಚೌಕಟ್ಟು ಹಾಕಿಕೊಟ್ಟಿದೆ. ಕಾಗದದಲ್ಲಿ ಅಚ್ಚುಕಟ್ಟಾಗಿದೆ. ಆದರೆ ವಕೀಲರನ್ನು ಕರೆಸುವ ಫೋನು ಹೋಗಬೇಕಾದದ್ದು ಬಂಧಿಸಿದ ಠಾಣೆಯಿಂದಲೇ! ಹಿಡಿದವರೇ ಅವನ ಪರ ವಕೀಲರನ್ನೂ ಕರೆಯಲಿ ಎಂದು ನಂಬಿಕೊಂಡಿರುವ ವ್ಯವಸ್ಥೆ ರಾತ್ರಿ ಹೊತ್ತು ಕೆಲಸ ಮಾಡುವುದಿಲ್ಲ. ಹಾಗಾಗಿ ಮನೆಯವರೇ 15100ಕ್ಕೆ ಕರೆ ಮಾಡಿ ಠಾಣೆಯ ಹೆಸರು, ಕರೆದುಕೊಂಡು ಹೋದ ಸಮಯ, ಬಂದ ಪೊಲೀಸರ ಎದೆಯ ಹೆಸರುಪಟ್ಟಿಯಲ್ಲಿ ಕಂಡ ಹೆಸರು ಇಷ್ಟನ್ನು ಹೇಳಿ, ಕರೆಯ ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಆ ಸಮಯದ ದಾಖಲೆ ಮುಂದೆ ಬಹಳ ಬೆಲೆಬಾಳುತ್ತದೆ. ಯಾಕೆಂದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಲೆಕ್ಕ ‘ಬಂಧನ’ದಿಂದ ಶುರುವಾಗುತ್ತದೆ, ‘ವಿಚಾರಣೆಗೆ ಕರೆದಿದ್ದೀವಿ’ ಎಂದು ಕೂರಿಸಿಕೊಂಡ ಗಂಟೆಗಳು ಬಂಧನದ ಮೆಮೋದಲ್ಲಿ ಕಾಣುವುದೇ ಇಲ್ಲ.

ಬಂಧನದ ಮೆಮೋ ಒಂದು ಪುಟದ ಕಾಗದ, ಆದರೆ ಅದನ್ನು ಸರಿಯಾಗಿ ಓದುವ ವಕೀಲರು ಅರ್ಧ ಕೇಸು ಗೆದ್ದ ಹಾಗೆ. ಅದರಲ್ಲಿ ದಿನಾಂಕ ಮತ್ತು ಸಮಯ, ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರ ಸಹಿ, ಬಂಧಿತನ ಸಹಿ ಇರಬೇಕು. ಸಹಿ ಮಾಡಿದವನು ಠಾಣೆಯ ಎದುರಿನ ಅಂಗಡಿಯವನೇ ಆಗಿದ್ದು, ಅದೇ ಹೆಸರು ಇನ್ನೂ ಹತ್ತು ಕೇಸಿನ ಮಹಜರಿನಲ್ಲಿ (ಪೊಲೀಸರು ಸ್ಥಳದಲ್ಲೇ ಬರೆಯುವ ದಾಖಲೆ) ಪಂಚನಾಗಿ, ಅಂದರೆ ಸಾಕ್ಷಿಯಾಗಿ, ಬಂದಿದ್ದರೆ ಅದನ್ನು ಎತ್ತಿ ಹೇಳಬೇಕು. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಬಂಧನ ಯಾಕೆ ಬೇಕಾಯಿತು ಎಂಬ ಕಾರಣ ದಾಖಲಾಗಬೇಕು, ಇಲ್ಲವಾದರೆ ನೋಟಿಸ್ ಕೊಟ್ಟು ಕರೆಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 41ಎ, ಅದರ ಬದಲು ಬಂದ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 35(3)ನೇ ಕಲಂ. ಸುಪ್ರೀಂ ಕೋರ್ಟ್ 2014ರಲ್ಲೇ ಈ ಕಾರಣಗಳ ಪಟ್ಟಿಯನ್ನು ಮ್ಯಾಜಿಸ್ಟ್ರೇಟರಿಗೆ ಕೊಡಬೇಕು, ಅವರು ಅದನ್ನು ನೋಡಿಯೇ ರಿಮ್ಯಾಂಡ್ ಕೊಡಬೇಕು ಎಂದಿದೆ. ವೈದ್ಯಕೀಯ ತಪಾಸಣೆಯ ವರದಿಯ ಪ್ರತಿ ಬಂಧಿತನಿಗೂ ಸಿಗಬೇಕು. ಹೊಡೆತ ಬಿದ್ದಿದ್ದರೆ ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡಲು ತಕ್ಷಣ ಅರ್ಜಿ ಹಾಕಬೇಕು. 2020ರ ಸುಪ್ರೀಂ ಕೋರ್ಟ್ ಆದೇಶದಂತೆ ಅದನ್ನು 18 ತಿಂಗಳು ಇಡಬೇಕು, ಆದರೂ ವರ್ಷ ಬಿಟ್ಟು ಕೇಳಿದವರಿಗೆ ಸಿಗುವ ಉತ್ತರ ‘ಹಾರ್ಡ್ ಡಿಸ್ಕ್ ಕೆಟ್ಟಿದೆ’ ಎಂಬುದೇ.

ಭಾಷೆಯ ವಿಷಯಕ್ಕೆ ಈಗ ಬಲವಾದ ಆಸರೆ ಸಿಕ್ಕಿದೆ. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕು, ತಕ್ಷಣ ಆಗದಿದ್ದರೆ ರಿಮ್ಯಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮುಂಚೆಯಾದರೂ ಕೊಡಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಅಪರಾಧಗಳಿಗೂ ಅನ್ವಯಿಸಿ ಹೇಳಿತು. ಕೆಜಿಎಫ್‌ನ ತಮಿಳು ಕುಟುಂಬದವನಿಗೆ ಕನ್ನಡದ ಕಾಗದ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಕಾರಣ ತಿಳಿಸಿದ ಹಾಗಾಗದು. ನೆರವಿನ ವಕೀಲರು ರಿಮ್ಯಾಂಡಿನ ದಿನ ಮೊದಲು ಕೇಳಬೇಕಾದ ಪ್ರಶ್ನೆ ‘ಏನ್ ಮಾಡಿದೆ?’ ಅಲ್ಲ, ‘ನಿನಗೆ ಯಾವ ಕಾಗದ ಕೊಟ್ಟರು, ಯಾವಾಗ ಕೊಟ್ಟರು, ಓದಿ ಹೇಳಿದರಾ?’ ಎಂಬುದು. ಬರೀ ಕನ್ನಡ ಬಲ್ಲ ವಕೀಲರಿಗಿಂತ ತೆಲುಗು, ತಮಿಳು ಎರಡೂ ಬಲ್ಲವರು ಈ ಜಿಲ್ಲೆಯಲ್ಲಿ ಎರಡರಷ್ಟು ಉಪಯೋಗ. ಅರ್ಜಿಯಲ್ಲೇ ‘ತೆಲುಗು ಮಾತಾಡುವ ವಕೀಲರು ಬೇಕು’ ಎಂದು ಬರೆಯಲು ಹಿಂಜರಿಯಬೇಡಿ.

ರಿಮ್ಯಾಂಡಿನಲ್ಲಿ ಸೇವೆ ಪರವಾಗಿಲ್ಲ. ವಕೀಲರಿಲ್ಲದ ಆರೋಪಿಗೆ ಉಚಿತ ನೆರವು ಇದೆಯೆಂದು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ ಎಂದು 1981ರಿಂದಲೂ ಇರುವ ತೀರ್ಪು ಪಾಲನೆಯಾಗುತ್ತಿದೆ, ರಿಮ್ಯಾಂಡ್ ವಕೀಲರೂ ಇರುತ್ತಾರೆ. ತೊಂದರೆ ಬರುವುದು ಆಮೇಲೆ. ಆ ದಿನ ನಿಂತ ವಕೀಲರೇ ಮುಂದಿನ ವಾಯಿದೆಗೆ ಬರುತ್ತಾರೆಂದಿಲ್ಲ, ದಿನ ಎಣಿಸುವವರು ಯಾರೂ ಇರುವುದಿಲ್ಲ. ಎಣಿಕೆ ಹೀಗೆ: ಹತ್ತು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಸಾಮಾನ್ಯ ಕೇಸುಗಳಲ್ಲಿ 60 ದಿನ, ಕೊಲೆಯಂಥ ದೊಡ್ಡ ಅಪರಾಧಗಳಲ್ಲಿ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ರಿಮ್ಯಾಂಡ್ ಕೊಟ್ಟ ದಿನವೂ ಲೆಕ್ಕಕ್ಕೆ ಸೇರುತ್ತದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಜೂನ್ 10ರಂದು ರಿಮ್ಯಾಂಡ್ ಆಗಿದ್ದರೆ ಜೂನಿನಲ್ಲಿ 21 ದಿನ, ಜುಲೈನಲ್ಲಿ 31 ದಿನ, ಒಟ್ಟು 52. ಆಗಸ್ಟ್ 8ಕ್ಕೆ 60 ತುಂಬಿತು. ಆಗಸ್ಟ್ 9ರ ಬೆಳಿಗ್ಗೆ ಕೋರ್ಟು ಕೂರುವ ಹೊತ್ತಿಗೆ ಅರ್ಜಿ ಮೇಜಿನ ಮೇಲಿರಬೇಕು. ಅರ್ಜಿ ಹಾಕುವ ಮುಂಚೆ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು. ಬಾಯಲ್ಲಿ ಕೇಳಿದರೂ ನಡೆಯುತ್ತದೆ ಎಂಬ ತೀರ್ಪು 2017ರದ್ದಿದೆ, ಆದರೆ ಕೇಳುವವರೊಬ್ಬರು ಅಲ್ಲಿರಬೇಕಲ್ಲ! ಈ ತಾರೀಕನ್ನು ಮನೆಯವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ದಿನ ಮುಂಚೆ ಪ್ರಾಧಿಕಾರದ ಕಚೇರಿಗೆ ಹೋಗಿ ನೆನಪಿಸುವುದು ಒಳ್ಳೆಯದು.

ಇಡೀ ವ್ಯವಸ್ಥೆಯಲ್ಲಿ ಬಡವರಿಗೆ ಅತಿ ಹೆಚ್ಚು ಪೆಟ್ಟು ಬೀಳುವ ಜಾಗ ಜಾಮೀನುದಾರರದು. ಆದೇಶದಲ್ಲಿ ‘ಐವತ್ತು ಸಾವಿರದ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು’ ಎಂದು ಬರೆಯುವುದು ಒಂದು ಸಾಲಿನ ಕೆಲಸ. ಆ ಸಾಲನ್ನು ಪೂರೈಸಲು ಬೇಕಾದದ್ದು ಪಹಣಿ, ಕಂದಾಯ ರಸೀದಿ, ಆಧಾರ್, ಫೋಟೋ, ಜೊತೆಗೆ ಒಂದು ದಿನದ ಕೂಲಿ ಬಿಟ್ಟು ಬರುವ ಮನುಷ್ಯ. ಜಮೀನೇ ಇಲ್ಲದ ಕೇರಿಯವರಿಗೆ ಪಹಣಿ ಎಲ್ಲಿಂದ ಬರಬೇಕು? ಇದ್ದವರದ್ದೂ ತಾತನ ಹೆಸರಿನಲ್ಲೇ ಇರುತ್ತದೆ, ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಿರುವುದಿಲ್ಲ. ತಾತ ತೀರಿಹೋಗಿ ಇಪ್ಪತ್ತು ವರ್ಷವಾದರೂ ಪಹಣಿಯ 9ನೇ ಕಾಲಂನಲ್ಲಿ ಅವರದೇ ಹೆಸರು. ಜಮೀನು ಉಳುತ್ತಿರುವ ಮೊಮ್ಮಗನ ಆಧಾರ್ ಜೊತೆ ಆ ಹೆಸರು ಹೊಂದುವುದಿಲ್ಲ, ಕೋರ್ಟಿನಲ್ಲಿ ವಾಪಸು. ಆಗ ಕೋರ್ಟಿನ ಸುತ್ತಮುತ್ತ ಹಣಕ್ಕೆ ಜಾಮೀನು ನಿಲ್ಲುವವರು ಸಿಗುತ್ತಾರೆ. ಆ ಪಹಣಿ ನಕಲಿಯೋ ಇನ್ನೊಂದು ಕೇಸಿಗೆ ಈಗಾಗಲೇ ಕೊಟ್ಟದ್ದೋ ಎಂದು ಗೊತ್ತಾದ ದಿನ ಜಾಮೀನು ರದ್ದಾಗುವುದಲ್ಲದೆ ಮೇಲೊಂದು ಹೊಸ ಕೇಸು. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಇಲ್ಲಿ ನೆರವಿನ ವಕೀಲರ ಕೈಯಲ್ಲಿ ಒಳ್ಳೆಯ ಆಯುಧಗಳಿವೆ, ಬಳಕೆ ಮಾತ್ರ ಸಾಲದು. 1978ರ ಮೋತಿರಾಮ್ ಕೇಸಿನಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಮೇಸ್ತ್ರಿಗೆ 10,000 ರೂಪಾಯಿಯ ಜಾಮೀನು ಕೇಳಿ, ಬೇರೆ ಜಿಲ್ಲೆಯಲ್ಲಿದ್ದ ಅಣ್ಣತಮ್ಮನ ಆಸ್ತಿ ಒಪ್ಪದೆ ಕೂರಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಿಸಿದರು. 2023ರ ಜನವರಿ 31ರ ಸುಪ್ರೀಂ ಕೋರ್ಟ್ ನಿರ್ದೇಶನ ಇನ್ನೂ ಸ್ಪಷ್ಟ: ಜಾಮೀನು ಸಿಕ್ಕ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದರೂ ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಬಹುದೇ ಎಂದು ನೋಡಬಹುದು. ಅದೇ ವರ್ಷ ಕೇಂದ್ರದ ಬಡ ಕೈದಿಗಳ ನೆರವು ಯೋಜನೆ ಬಂತು. ವಿಚಾರಣಾಧೀನ ಕೈದಿಯ ಜಾಮೀನು ಮೊತ್ತಕ್ಕೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಉಳಿದ ಸಜಾ ಕೈದಿಗೆ 25,000ದವರೆಗೆ ಕೊಡಲು ಅದರಲ್ಲಿ ಅವಕಾಶವಿತ್ತು, ಮಾದಕವಸ್ತು, ಪೋಕ್ಸೊದಂಥ ಕೆಲವು ಕೇಸುಗಳನ್ನು ಹೊರತುಪಡಿಸಿ. ಹಣ ಮಂಜೂರು ಮಾಡುವುದು ಜಿಲ್ಲಾಧಿಕಾರಿ, ಎಸ್‌ಪಿ, ಪ್ರಾಧಿಕಾರದ ಕಾರ್ಯದರ್ಶಿ ಸೇರಿದ ಸಮಿತಿ. ಆದರೆ ಈ ಯೋಜನೆ ಹಣ ಕಟ್ಟಿದರೆ ಬಿಡುಗಡೆಯಾಗುವವರಿಗೆ ಮಾತ್ರ ಉಪಯೋಗ. ಕೋರ್ಟು ಕೇಳಿದ್ದು ಆಸ್ತಿಯುಳ್ಳ ಮನುಷ್ಯನನ್ನಾದರೆ ಮೊದಲು ‘ಜಾಮೀನುದಾರರ ಬದಲು ನಗದು ಭದ್ರತೆ ಒಪ್ಪಿಕೊಳ್ಳಿ’ ಎಂದು ಷರತ್ತು ಬದಲಿಸಿಕೊಳ್ಳುವ ಅರ್ಜಿ ಹಾಕಿ, ಆಮೇಲೆ ಸಮಿತಿಗೆ ಬರೆಯಬೇಕು. ಈ ಕ್ರಮ ತಪ್ಪಿದರೆ ಕಡತ ಅಲ್ಲಿಂದಿಲ್ಲಿಗೆ ತಿರುಗುತ್ತಲೇ ಇರುತ್ತದೆ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ ಶೇ 75.8 ಮಂದಿ ಇನ್ನೂ ತಪ್ಪಿತಸ್ಥರೆಂದು ಸಾಬೀತಾಗದವರು. ಐವರಲ್ಲಿ ಒಬ್ಬರಷ್ಟು ಪರಿಶಿಷ್ಟ ಜಾತಿಯವರು. ಬಿಎನ್‌ಎಸ್‌ಎಸ್ 479 ಪ್ರಕಾರ ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಇರುವ ಅಪರಾಧಗಳಿಗೆ ಇದಿಲ್ಲ. ಆದರೆ ಅದೇ ಕಲಂನಲ್ಲಿ ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೆ ಈ ಸವಲತ್ತಿಲ್ಲ ಎಂದೂ ಇದೆ. ಅನ್ಯಾಯ ಗಟ್ಟಿಯಾಗುವುದು ಇಲ್ಲೇ. ಒಬ್ಬನನ್ನು ಹಿಡಿದ ಮೇಲೆ ಪತ್ತೆಯಾಗದೆ ಬಿದ್ದಿದ್ದ ಹಳೆಯ ಕಳವು ಕೇಸುಗಳನ್ನೆಲ್ಲ ಅವನ ಹೆಸರಿಗೆ ಸೇರಿಸಿ ಬಾಡಿ ವಾರಂಟ್ (ಜೈಲಿನಲ್ಲಿರುವವನನ್ನು ಇನ್ನೊಂದು ಕೇಸಿಗೆ ಹಾಜರುಪಡಿಸುವ ಆದೇಶ) ತಂದರೆ ಆ ಕಲಂ ಅವನ ಪಾಲಿಗೆ ಇಲ್ಲದ ಹಾಗೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾದರೂ ಕೆಲವು ಸಮುದಾಯದವರನ್ನು ಊರಿನಲ್ಲಿ ಕಳವಾದ ಕೂಡಲೇ ಕರೆಸುವ ರೂಢಿ ಹೋಗಿಲ್ಲ. ಹಿಂದುಳಿದ ಸಮುದಾಯಗಳ ಅಮಾಯಕರ ಹೆಸರು ಯಾಂತ್ರಿಕವಾಗಿ ಠಾಣೆಯ ಹಿಸ್ಟರಿ ಶೀಟಿಗೆ (ನಿಗಾ ಇಡಬೇಕಾದವರ ದಾಖಲೆ) ಸೇರದಂತೆ ನೋಡಿಕೊಳ್ಳಿ ಎಂದು 2024ರ ಮೇ ತಿಂಗಳಲ್ಲಿ, ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಎಂದು ಅದೇ ವರ್ಷದ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನೆರವಿನ ವಕೀಲರು ಪ್ರತಿ ಬಾಡಿ ವಾರಂಟನ್ನೂ ಪ್ರಶ್ನಿಸಬೇಕು: ಆ ಕೇಸಿಗೂ ಈತನಿಗೂ ಇರುವ ಕೊಂಡಿ ಏನು, ಬರೀ ಠಾಣೆಯಲ್ಲಿ ಪಡೆದ ತಪ್ಪೊಪ್ಪಿಗೆಯೇ? ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ.

ವಿಚಾರಣೆಯ ಹಂತದಲ್ಲಿ ಸೇವೆ ಖಾಸಗಿ ವಕೀಲರ ಸರಾಸರಿಗೆ ಕಡಿಮೆಯಿಲ್ಲ, ಎಷ್ಟೋ ಕಡೆ ಮೇಲು. ಪ್ರತಿ ವಾಯಿದೆಗೂ ಫೀಸು ಕೇಳುವವರಿಲ್ಲದ್ದರಿಂದ ವಾಯಿದೆ ಎಳೆಯುವ ಆಸೆಯೂ ಇಲ್ಲ. ಕೇಸಿನ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ತಾರೀಕು ನೀವೇ ನೋಡಬಹುದು. ತಾರೀಕು ತಪ್ಪಿ ವಾರಂಟ್ ಹೊರಟರೆ ಸಿಕ್ಕ ಜಾಮೀನೂ ಹೋಗುತ್ತದೆ.

ಶಿಕ್ಷೆಯ ದಿನದ ಬಗ್ಗೆ ಬೇಸರದಿಂದಲೇ ಬರೆಯಬೇಕು. ತಪ್ಪಿತಸ್ಥನೆಂದು ತೀರ್ಪು ಓದಿದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯ ಮಾತು ಕೇಳಲೇಬೇಕು, 1976ರಿಂದ ಇದು ಸುಪ್ರೀಂ ಕೋರ್ಟಿನ ಸ್ಪಷ್ಟ ಕಟ್ಟಳೆ. ಆದರೆ ಸಾಮಾನ್ಯವಾಗಿ ಅಲ್ಲಿ ಕೇಳಿಬರುವುದು ‘ಹೆಂಡ್ತಿ ಮಕ್ಕಳಿದ್ದಾರೆ ಸ್ವಾಮಿ, ದುಡಿಯೋನು ಇವನೊಬ್ಬನೇ, ಕರುಣೆ ತೋರಿಸಬೇಕು’ ಎಂಬ ಎರಡು ಸಾಲು. ಪ್ರತಿ ಕೇಸಿನಲ್ಲೂ ಅದೇ ಎರಡು ಸಾಲಾದರೆ ಯಾವ ನ್ಯಾಯಾಧೀಶರಿಗೂ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಿ ನೋಡಲು ಏನೂ ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ಶಿಕ್ಷೆಗೆ ಮಾರ್ಗಸೂಚಿಯೇ ಇಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠರ ಸಮಿತಿ 2003ರಲ್ಲೇ ಮಾರ್ಗಸೂಚಿ ಬೇಕೆಂದು ಶಿಫಾರಸು ಮಾಡಿತ್ತು, ಇಂದಿಗೂ ಬಂದಿಲ್ಲ. ಹಾಗಾಗಿ ‘ಮೂರು ವರ್ಷದವರೆಗೆ’ ಎಂದಿರುವ ಕಳವಿನ ಕಲಂನಲ್ಲಿ ಒಂದು ದಿನದಿಂದ ಮೂರು ವರ್ಷದವರೆಗೆ ಏನು ಬೇಕಾದರೂ ಆಗಬಹುದು. ಆ ಖಾಲಿ ಜಾಗವನ್ನು ತುಂಬುವುದು ವಕೀಲರು ಮುಂದಿಡುವ ಕಾಗದಗಳು.

ಏನೇನು ಬೇಕು? ವಯಸ್ಸಿನ ದಾಖಲೆ, ಅದೂ ಶಾಲೆಯ ಟಿ.ಸಿ.; ಬಿಪಿಎಲ್ ಕಾರ್ಡ್; ಅವಲಂಬಿತರಲ್ಲಿ ಕಾಯಿಲೆಯವರಿದ್ದರೆ ಆಸ್ಪತ್ರೆಯ ಚೀಟಿ; ಕೆಲಸ ಕೊಟ್ಟವರ ಪತ್ರ; ಜೈಲಿನ ನಡತೆಯ ವರದಿ; ನಷ್ಟ ತುಂಬಿಕೊಟ್ಟಿದ್ದರೆ ಅದರ ರಸೀದಿ. ಎಲ್ಲಕ್ಕಿಂತ ಮುಖ್ಯ ಪ್ರೊಬೇಷನ್ ಅಧಿಕಾರಿ ಆತನ ನಡತೆ, ಮನೆಯ ಸ್ಥಿತಿ ವಿಚಾರಿಸಿ ಬರೆಯುವ ವರದಿ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಂನಲ್ಲಿ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 6ನೇ ಕಲಂ ಪ್ರಕಾರ 21 ವರ್ಷ ತುಂಬದವನಿಗೆ, ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ, ಆ ವರದಿ ತರಿಸಿಕೊಂಡು ಕಾರಣ ಬರೆಯದೆ ಜೈಲುಶಿಕ್ಷೆ ಕೊಡುವಂತೆಯೇ ಇಲ್ಲ. ಆದರೆ ಇಲ್ಲೊಂದು ಸೂಕ್ಷ್ಮವಿದೆ. 21ರ ಲೆಕ್ಕ ಅಪರಾಧ ನಡೆದ ದಿನದ್ದಲ್ಲ, ತಪ್ಪಿತಸ್ಥನೆಂದು ತೀರ್ಮಾನವಾದ ದಿನದ್ದು ಎಂದು 1963ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 19ರ ಹುಡುಗನ ಕೇಸು ಮೂರು ವರ್ಷ ಎಳೆದರೆ ಆ ರಕ್ಷಣೆ ತಾನಾಗಿಯೇ ಕರಗಿತು. ಹುಡುಗರ ಕೇಸುಗಳನ್ನು ಬೇಗ ಮುಗಿಸಿಕೊಡಿ ಎಂದು ಅರ್ಜಿ ಹಾಕುವುದು ವಕೀಲರ ಕೆಲಸವೇ. 2024ರ ಜುಲೈ 1ರ ನಂತರದ ಕೇಸಾಗಿ, ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ತಪ್ಪಾಗಿ, ಮಾಲು ಹಿಂದಿರುಗಿಸಿದ್ದರೆ ಸಮುದಾಯ ಸೇವೆಯೇ ಶಿಕ್ಷೆ. ಮಾಲಿನ ಬೆಲೆ ಮಹಜರಿನಲ್ಲಿ ಎಷ್ಟು ಬರೆದಿದ್ದಾರೆ ಎಂಬುದು ಆಗ ಜೀವಾಳದ ಪ್ರಶ್ನೆ. ಹಳೆಯ ಮೊಬೈಲಿಗೆ ಹೊಸದರ ಬೆಲೆ ಹಾಕಿದ್ದರೆ ಪಾಟೀಸವಾಲಿನಲ್ಲೇ ಅದನ್ನು ಕೆಡವಬೇಕು.

ದಂಡದ ವಿಷಯವೂ ಹೀಗೇ. ‘ಹತ್ತು ಸಾವಿರ ದಂಡ, ತಪ್ಪಿದರೆ ಮೂರು ತಿಂಗಳು’ ಎಂದರೆ ಇದ್ದವನಿಗೆ ಹತ್ತು ಸಾವಿರ, ಇಲ್ಲದವನಿಗೆ ಮೂರು ತಿಂಗಳು. ವಿಚಾರಣೆ ವೇಳೆ ಒಳಗೆ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯಬೇಕು, ಆ ದಿನಗಳ ಸಂಖ್ಯೆ ತೀರ್ಪಿನ ಆದೇಶದಲ್ಲೇ ನಮೂದಾಗಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಜಾಮೀನಿನ ಮೇಲಿದ್ದವರಿಗೆ ಮೂರು ವರ್ಷದೊಳಗಿನ ಶಿಕ್ಷೆಯಾದರೆ ಮೇಲ್ಮನವಿಗಾಗಿ ಅದೇ ಕೋರ್ಟು ಶಿಕ್ಷೆ ಅಮಾನತಿನಲ್ಲಿಡಬಹುದು. ಆದರೆ ಅದಕ್ಕೂ ಅದೇ ದಿನ ಜಾಮೀನುದಾರರು ಬೇಕು. ತೀರ್ಪಿನ ದಿನ ಪಹಣಿ ಸಮೇತ ಅವರನ್ನು ಕರೆದುಕೊಂಡೇ ಬರಬೇಕೆಂದು ಹೇಳುವ ವಕೀಲರು ಕೆಲಸ ಬಲ್ಲವರು. ಮೇಲ್ಮನವಿಗೆ ಸೆಷನ್ಸ್ ಕೋರ್ಟಿಗಾದರೆ 30 ದಿನ, ಹೈಕೋರ್ಟಿಗಾದರೆ 60 ದಿನ. ಅಲ್ಲಿಗೂ ಉಚಿತ ನೆರವಿದೆ, ಜೈಲಿನಿಂದಲೇ ಕಳಿಸಬಹುದು.

ಕಾನೂನು ಬರೆಯುವಾಗಲೇ ತಾರತಮ್ಯ ಹೇಗೆ ಸೇರಿಕೊಳ್ಳುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆಯೇ ಕನ್ನಡಿ. 1986ರ ಕಾಯ್ದೆಯಲ್ಲಿ 5 ಗ್ರಾಂ ಕ್ರ್ಯಾಕ್ (ಸೇದುವ ಹರಳಿನ ರೂಪದ) ಕೊಕೇನಿಗೂ 500 ಗ್ರಾಂ ಪುಡಿ ಕೊಕೇನಿಗೂ ಒಂದೇ, ಕನಿಷ್ಠ ಐದು ವರ್ಷ. ಕ್ರ್ಯಾಕ್ ಕೇಸಿನಲ್ಲಿ ಶಿಕ್ಷೆಯಾದವರಲ್ಲಿ ಹೆಚ್ಚಿನವರು ಕಪ್ಪು ಜನ. 2010ರಲ್ಲಿ ಆ 100:1ರ ಅನುಪಾತವನ್ನು 18:1ಕ್ಕೆ ಇಳಿಸಿದರು. ಗ್ರಾಮಿನ ಲೆಕ್ಕ ನಮ್ಮಲ್ಲೂ ಇದೆ. ಗಾಂಜಾ 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, ಹೆಚ್ಚೆಂದರೆ ಒಂದು ವರ್ಷ; 20 ಕೆ.ಜಿ. ದಾಟಿದರೆ ಕನಿಷ್ಠ ಹತ್ತು ವರ್ಷ, ಜಾಮೀನೂ ಕಷ್ಟ. ನಮ್ಮ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂವಿನ ತೆನೆ. ತೆನೆಯ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಹೊಲದ ಬದುವಿನಲ್ಲಿ ಬೆಳೆದ ಗಿಡವನ್ನು ಬೇರು, ಕಾಂಡ, ಮಣ್ಣು ಸಮೇತ ಕಿತ್ತು ತಕ್ಕಡಿಗೆ ಹಾಕಿ ತೂಕ ಬರೆದಿದ್ದರೆ ಆ ತೂಕವನ್ನೇ ಪ್ರಶ್ನಿಸಬೇಕು. ಮಹಜರಿನಲ್ಲಿ ಹಸಿಯೋ ಒಣಗಿದ್ದೋ, ತೆನೆ ಬೇರ್ಪಡಿಸಿದರೋ ಇಲ್ಲವೋ, ಮ್ಯಾಜಿಸ್ಟ್ರೇಟರ ಮುಂದೆ ಮಾದರಿ ತೆಗೆದರೋ ಎಂದು ಹುಡುಕುವ ವಕೀಲರು ಸಿಕ್ಕರೆ ಹತ್ತು ವರ್ಷದ ಕೇಸು ಬೇರೆಯೇ ಕೇಸಾಗುತ್ತದೆ.

ಇಷ್ಟು ಹೊತ್ತು ಹೇಳಿದ್ದು ಆರೋಪಿಯ ಕಡೆಯದ್ದು. ಜಾತಿಯ ಕಾರಣಕ್ಕೆ ಪೆಟ್ಟು ತಿಂದವರ ಕಡೆ ಈ ಸೇವೆ ತೀರಾ ತೆಳ್ಳಗಿದೆ. ಅಭಿರಕ್ಷಕರ ಕಚೇರಿ ಆರೋಪಿಗಳಿಗೆ ಮಾತ್ರ. ಸಂತ್ರಸ್ತರಿಗೆ ಹಳೆಯ ಪ್ಯಾನಲ್ ವಕೀಲರೇ ಗತಿ. 2000ದ ಮಾರ್ಚ್ 11ರಂದು ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳ ಖುಲಾಸೆಯಾಯಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆರು ವರ್ಷ ಅದೇ ಊರಿನಲ್ಲಿ, ಅದೇ ಜಮೀನುದಾರರ ನಡುವೆ ಬದುಕಬೇಕಾದವರು ಕಟಕಟೆಯಲ್ಲಿ ಗಟ್ಟಿಯಾಗಿ ನಿಲ್ಲಲಿ ಎಂದು ಬಯಸುವುದು ಸುಲಭ, ಅವರ ಬೆನ್ನಿಗೆ ಯಾರಿದ್ದರು? ಈಗ 2018ರ ಸಾಕ್ಷಿ ರಕ್ಷಣಾ ಯೋಜನೆಯಿದೆ, ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಇದೆ. ಆ ಕಲಂ ಪ್ರಕಾರ ಆರೋಪಿಯ ಜಾಮೀನು ಅರ್ಜಿ ಬಂದಾಗ ಸಂತ್ರಸ್ತರಿಗೆ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು. ನೋಟಿಸ್ ಬಾರದೆ ಜಾಮೀನಾಗಿದ್ದರೆ ಅದನ್ನೇ ಕಾರಣವಾಗಿಟ್ಟು ಹೈಕೋರ್ಟಿಗೆ ಹೋಗಬಹುದು. ಈ ಕಾಯ್ದೆಯ ಕೇಸುಗಳಲ್ಲಿ ತನಿಖೆ ಮಾಡಬೇಕಾದವರು ಡಿವೈಎಸ್‌ಪಿ ದರ್ಜೆಯವರು. ಪಿಎಸ್‌ಐ ಹೇಳಿಕೆ ಬರೆದುಕೊಂಡು ಹೋದರೆ ಅಂದೇ ಆಕ್ಷೇಪ ಎತ್ತಬೇಕು, ಇಲ್ಲದಿದ್ದರೆ ಅದೇ ಮುಂದೆ ಆರೋಪಿಯ ಪರ ವಾದವಾಗುತ್ತದೆ.

ನೇಮಕವಾದ ವಕೀಲರು ಸರಿಯಿಲ್ಲ ಎನಿಸಿದರೆ ಸಹಿಸಿಕೊಂಡು ಕೂರಬೇಕಿಲ್ಲ. ಸದಸ್ಯ ಕಾರ್ಯದರ್ಶಿಗೆ ಒಂದು ಪುಟದ ಅರ್ಜಿ: ಕೇಸಿನ ಸಂಖ್ಯೆ, ವಕೀಲರು ಬಾರದ ತಾರೀಕುಗಳು, ಯಾವ ಅರ್ಜಿ ಹಾಕಲಿಲ್ಲ ಎಂಬುದು. ಬೈಗುಳ ಬೇಡ, ತಾರೀಕು ಸಾಕು. ಎರಡು ಪ್ರತಿ ಮಾಡಿ ಒಂದರ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ಕೈದಿಯೇ ಬರೆಯುವುದಾದರೆ ಜೈಲಿಗೆ ಬರುವ ಪ್ಯಾರಾ ಲೀಗಲ್ ವಾಲಂಟಿಯರ್ (ಪ್ರಾಧಿಕಾರದ ಸ್ವಯಂಸೇವಕ) ಕೈಗೆ ಕೊಟ್ಟು ಅವರ ಹೆಸರು ಬರೆದಿಟ್ಟುಕೊಳ್ಳಲಿ. ಹೊಸ ವಕೀಲರು ಬಂದ ದಿನ ಅವರಿಗೆ ಮೊದಲು ಕೊಡಬೇಕಾದದ್ದು ಕೇಸಿನ ಕಥೆಯಲ್ಲ. ಬಂಧನದ ಮೆಮೋ, ಎಫ್‌ಐಆರ್ ನಕಲು, ರಿಮ್ಯಾಂಡಿನ ತಾರೀಕು ಬರೆದ ಚೀಟಿ, ವಯಸ್ಸಿನ ದಾಖಲೆ, ಈ ನಾಲ್ಕು ಕಾಗದ.